ಡ್ರಾಕುಲನೂ ನಮ್ಮ ಬೆಂತರಗಳೂ

ನಾನು ಹುಟ್ಟಿ ಬೆಳೆದ ಊರಿನ ಹೆಸರು ನರಿಕೊಂಬು. ಬಂಟವಾಳ ತಾಲೂಕಿನಲ್ಲಿ, ಪಾಣೆಮಂಗಳೂರಿಗೆ ಹತ್ತಿರವಾಗಿ, ನೇತ್ರಾವತಿಯ ಮಗ್ಗುಲಲ್ಲಿರುವ ಊರು. ಪರವೂರಿನಲ್ಲಿ ಈ ಹೆಸರನ್ನು ಹೇಳಿದಾಗಲೆಲ್ಲ ಕೇಳಿದವರ ಮುಖದಲ್ಲಿ ಒಂದು ಸಣ್ಣ ನಗು ಮೂಡುವುದನ್ನು ಕಂಡಿದ್ದೇನೆ. ನರಿಗೆ ಎಲ್ಲಿಯ ಕೊಂಬು? ಆದರೆ ಹುಡುಗರಾಗಿದ್ದ ನಮಗೆ ಆ ಸಂಶಯವೇ ಇರಲಿಲ್ಲ. ಹಿಂಡಿಗೆ ಒಂದರಂತೆ ಒಂದು ನರಿಯ ನೆತ್ತಿಯಲ್ಲಿ ಕಿರುಬೆರಳಿನಷ್ಟು ಕೊಂಬು ಇರುತ್ತದೆ, ಅದು ತಲೆ ತಗ್ಗಿಸಿ ಊಳಿಡುವಾಗ ಮಾತ್ರ ಹೊರಗೆ ಕಾಣುತ್ತದೆ, ಅದು ಸಿಕ್ಕಿದವನ ಭಾಗ್ಯ ತೆರೆಯುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ದಕ್ಷಿಣ ದೇಶದಲ್ಲೆಲ್ಲ, ಸಿಂಹಳದಲ್ಲಿಯೂ ಇರುವ ನಂಬಿಕೆಯಿದು. ಕೊಂಬನ್ನು ನಾವು ಯಾರೂ ಕಂಡವರಲ್ಲ. ಕೂಗನ್ನು ಮಾತ್ರ ಪ್ರತಿ ರಾತ್ರಿಯೂ ಕೇಳಿದವರು. ಹೊಳೆಯಾಚೆಯ ಗುಡ್ಡದಲ್ಲಿ ಒಂದು ನರಿ ತೊಡಗಿದರೆ ಈಚೆಯ ಗುಡ್ಡದಲ್ಲಿ ಹತ್ತು ಉತ್ತರ ಕೊಡುತ್ತಿದ್ದವು. ಚಾಪೆಯ ಮೇಲೆ ಮಲಗಿದ್ದ ನಾವು ಹೊದಿಕೆಯನ್ನು ಮೂಗಿನ ತನಕ ಎಳೆದುಕೊಳ್ಳುತ್ತಿದ್ದೆವು. ಆ ಭಯದಲ್ಲಿ ಒಂದು ಸುಖವೂ ಇತ್ತೆಂಬುದನ್ನು ಈಗ ಒಪ್ಪಿಕೊಳ್ಳಬಹುದು.

ಆ ಕೂಗು ನನಗೆ ಮತ್ತೆ ಕೇಳಿಸಿದ್ದು ಬಹಳ ತಡವಾಗಿ, ಬ್ರಾಮ್ ಸ್ಟೋಕರನ ‘ಡ್ರಾಕುಲ’ ಕಾದಂಬರಿಯ ಮೊದಲ ಅಧ್ಯಾಯಗಳಲ್ಲಿ. ಕಾರ್ಪೇಥಿಯನ್ ಬೆಟ್ಟಗಳ ನಡುವಿನ ಕೋಟೆಯಲ್ಲಿ ಕುಳಿತ ಪ್ರಭು, ಕಣಿವೆಯಿಂದ ತೋಳಗಳ ಊಳು ಕೇಳಿಬಂದಾಗ ಅದನ್ನು ಸಂಗೀತವೆಂದು ಮೆಚ್ಚಿಕೊಳ್ಳುತ್ತಾನೆ. ಅವನ ಅತಿಥಿಯಾದ ಇಂಗ್ಲಿಷ್ ವಕೀಲನಿಗೆ ಮೈ ನಡುಗುತ್ತದೆ. ಆ ಪುಟವನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಗುಡ್ಡ; ಅದರ ಬೆನ್ನಿಗೇ ನೆನಪಾದದ್ದು ಒಬ್ಬ ವಿದ್ಯಾರ್ಥಿನಿ.

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ನಾನು ಆಗ ಕನ್ನಡ ಅಧ್ಯಾಪಕ. ಬೆಳ್ತಂಗಡಿ ಕಡೆಯಿಂದ ಬರುತ್ತಿದ್ದ ಒಬ್ಬಳು ಹುಡುಗಿ ತೌಲನಿಕ ಅಧ್ಯಯನದ ನಿಬಂಧಕ್ಕಾಗಿ ಡ್ರಾಕುಲನನ್ನು ತುಳುನಾಡಿನ ಗುಳಿಗ ದೈವದೊಡನೆ ಇಟ್ಟು ನೋಡಿದ್ದಳು. ಅವಳ ಬರಹದಲ್ಲಿ ನಾನು ಎರಡು ವಾಕ್ಯಗಳ ಕೆಳಗೆ ಕೆಂಪು ಗೆರೆ ಎಳೆದೆ. ಮೊದಲನೆಯದು, ಡ್ರಾಕುಲ ಹಗಲು ಹೊತ್ತಿನಲ್ಲಿ ಲಂಡನ್ನಿನ ಬೀದಿಯಲ್ಲಿ ಕಾಣಿಸಿಕೊಳ್ಳುತ್ತಾನೆ ಎಂಬ ಮಾತು. ಅದರ ಬದಿಯಲ್ಲಿ ‘ತಪ್ಪು, ಬಿಸಿಲು ತಾಗಿದರೆ ಸಾಯುತ್ತಾನೆ’ ಎಂದು ಬರೆದೆ. ಎರಡನೆಯದು ಹೀಗಿತ್ತು: ಅವನ ಊರಿನವರು ಅವನಿಗೆ ಒಂದು ಕಟ್ಟೆ ಕಟ್ಟಿಸಿ ವರ್ಷಕ್ಕೊಮ್ಮೆ ಕೋಲ ಕೊಟ್ಟಿದ್ದರೆ ಅವನು ಲಂಡನ್ನಿಗೆ ಹೋಗುತ್ತಿರಲಿಲ್ಲ. ಅದರ ಬದಿಯಲ್ಲಿ ‘ಅಸಂಬದ್ಧ’ ಎಂದು ಬರೆದೆ. ಆ ಹುಡುಗಿ ಏನೂ ಹೇಳದೆ ಕಾಗದಗಳನ್ನು ತೆಗೆದುಕೊಂಡು ಹೋದಳು. ನಿವೃತ್ತನಾದ ಮೇಲೆ, ಬಿಡುವಿನ ದಿನಗಳಲ್ಲಿ, ಆ ಎರಡು ಗೆರೆಗಳು ನನ್ನನ್ನು ಕಾಡತೊಡಗಿದವು. ಇಂದಿನ ಮಾತು ಆ ಕಾಟದ ಫಲ.

ಮೊದಲು ಗ್ರಂಥದ ವಿಚಾರ. ಸ್ಟೋಕರ್ ೧೮೪೭ರಲ್ಲಿ ಡಬ್ಲಿನ್ನಿನ ಬಳಿ ಹುಟ್ಟಿದ ಐರಿಷ್ ಮನುಷ್ಯ. ೧೮೭೮ರಿಂದ ಲಂಡನ್ನಿನ ಲೈಸಿಯಮ್ ನಾಟಕಶಾಲೆಯ ವ್ಯವಸ್ಥಾಪಕ. ಆ ಕಾಲದ ಮಹಾನಟ ಹೆನ್ರಿ ಅರ್ವಿಂಗನ ಬಲಗೈ. ಲೆಕ್ಕಪತ್ರ, ಟಿಕೆಟ್ಟು, ಪ್ರವಾಸಗಳ ಗಡಿಬಿಡಿಯ ನಡುವೆ ಏಳು ವರ್ಷ ಟಿಪ್ಪಣಿ ಮಾಡಿ ಅವನು ಈ ಕಾದಂಬರಿಯನ್ನು ಬರೆದ. ೧೮೯೭ರ ಮೇ ತಿಂಗಳಲ್ಲಿ ಅದು ಪ್ರಕಟವಾಯಿತು. ಕಥೆಯ ಬೆಟ್ಟ ಕಣಿವೆಗಳಿರುವ ಟ್ರಾನ್ಸಿಲ್ವೇನಿಯಾಕ್ಕೆ ಅವನು ಒಮ್ಮೆಯೂ ಹೋದವನಲ್ಲ. ಅಲ್ಲಿನ ಜನರ ನಂಬಿಕೆಗಳನ್ನು ಅವನಿಗೆ ಕೊಟ್ಟದ್ದು ಎಮಿಲಿ ಜೆರಾರ್ಡ್ ಎಂಬಾಕೆ ೧೮೮೫ರಲ್ಲಿ ಬರೆದ ಲೇಖನ. ಅಲ್ಲಿ ಠಾಣೆ ಹೂಡಿದ್ದ ಸೇನಾಧಿಕಾರಿಯೊಬ್ಬನ ಹೆಂಡತಿ ಆಕೆ. ಡ್ರಾಕುಲ ಎಂಬ ಹೆಸರು ಸಿಕ್ಕಿದ್ದು ವಿಟ್‌ಬಿ ಎಂಬ ಕಡಲೂರಿನ ಪುಸ್ತಕಾಲಯದಲ್ಲಿ, ೧೮೨೦ರಲ್ಲಿ ಅಚ್ಚಾಗಿದ್ದ ಒಂದು ಹಳೆಯ ಪುಸ್ತಕದಲ್ಲಿ. ಅದಕ್ಕೆ ಮೊದಲು ಟಿಪ್ಪಣಿಗಳಲ್ಲಿ ಪಾತ್ರದ ಹೆಸರು ಬರಿಯ ‘ವ್ಯಾಂಪೈರ್ ಪ್ರಭು’ ಎಂದಿತ್ತು.

ಗಾಥಿಕ್ ಎಂದು ಕರೆಯುವ ಈ ಭಯಕಥೆಗಳ ಮನೆತನ ಹೊರೇಸ್ ವಾಲ್ಪೋಲನ ೧೭೬೪ರ ‘ಒಟ್ರಾಂಟೋ ಕೋಟೆ’ಯಿಂದ ಮೊದಲಾಗುತ್ತದೆ. ಪಾಳುಕೋಟೆ, ಮುಚ್ಚಿದ ಕೋಣೆ, ಹಳೆಯ ವಂಶದ ಪಾಪ, ಸೆರೆ ಸಿಕ್ಕ ಕನ್ಯೆ — ಇವೆಲ್ಲ ಅಲ್ಲಿಂದ ಬಂದ ಸೊತ್ತು. ಸ್ಟೋಕರ್ ಈ ಸೊತ್ತನ್ನೆಲ್ಲ ಬಳಸಿಕೊಂಡ. ಆದರೆ ಒಂದು ಜಾಣತನ ಮಾಡಿದ. ಪಾಳುಕೋಟೆಯ ಪ್ರಭುವನ್ನು ಅವನು ರೈಲು, ತಂತಿ, ಬೆರಳಚ್ಚು ಯಂತ್ರಗಳ ಲಂಡನ್ನಿಗೆ ಕರೆತಂದ. ಪ್ರಭು ತನ್ನ ನೆಲದ ಮಣ್ಣನ್ನು ಐವತ್ತು ಪೆಟ್ಟಿಗೆಗಳಲ್ಲಿ ತುಂಬಿಸಿ ಹಡಗಿನಲ್ಲಿ ಸಾಗಿಸುತ್ತಾನೆ. ಆ ಮಣ್ಣಿಲ್ಲದೆ ಅವನಿಗೆ ನಿದ್ರೆಯಿಲ್ಲ. ಮನೆ ಕೊಳ್ಳಲು ವಕೀಲರನ್ನು ಹಿಡಿಯುತ್ತಾನೆ, ಇಂಗ್ಲಿಷ್ ಉಚ್ಚಾರ ತಿದ್ದಿಕೊಳ್ಳುತ್ತಾನೆ, ರೈಲಿನ ವೇಳಾಪಟ್ಟಿ ಓದುತ್ತಾನೆ. ಕನ್ನಡಿಯಲ್ಲಿ ಬಿಂಬ ಮೂಡದವನು, ಕೋಟೆಯ ಗೋಡೆಯ ಮೇಲೆ ತಲೆ ಕೆಳಗಾಗಿ ಹಲ್ಲಿಯಂತೆ ಇಳಿಯುವವನು, ಲಂಡನ್ನಿನಲ್ಲಿ ಒಬ್ಬ ಆಸ್ತಿವಂತ ಗೃಹಸ್ಥ. ನನಗೆ ಹೆಚ್ಚು ಭಯ ತಂದದ್ದು ರಕ್ತಪಾನವಲ್ಲ, ಈ ಕ್ರಯಪತ್ರಗಳು.

ಇಡೀ ಕಾದಂಬರಿ ದಿನಚರಿ, ಪತ್ರ, ತಂತಿ, ಪತ್ರಿಕೆಯ ತುಣುಕುಗಳ ಒಂದು ಕಡತ. ಮೀನಾ ಎಂಬ ಹೆಣ್ಣುಮಗಳು ಇವನ್ನೆಲ್ಲ ಬೆರಳಚ್ಚು ಮಾಡಿ ದಿನಾಂಕದಂತೆ ಜೋಡಿಸುತ್ತಾಳೆ. ಆ ಜೋಡಣೆಯಿಂದಲೇ ಶತ್ರುವಿನ ಹೆಜ್ಜೆ ಗೊತ್ತಾಗುತ್ತದೆ. ಬರೆದಿಟ್ಟದ್ದೇ ಆಯುಧ. ಕೊನೆಯಲ್ಲಿ ಪ್ರಭುವಿನ ಕುತ್ತಿಗೆಗೆ ಬೀಳುವುದು ಒಂದು ಕುಕ್ರಿ, ನಮ್ಮ ಗೂರ್ಖಾ ಸಿಪಾಯಿಗಳು ಸೊಂಟದಲ್ಲಿ ಸಿಕ್ಕಿಸಿಕೊಳ್ಳುವ ಕತ್ತಿ. ಸಾಮ್ರಾಜ್ಯದ ದೂರದ ಮೂಲೆಯಿಂದ ಬಂದ ಆ ಕತ್ತಿಯನ್ನು ಸ್ಟೋಕರ್ ಒಬ್ಬ ಇಂಗ್ಲಿಷ್ ವಕೀಲನ ಕೈಯಲ್ಲಿಟ್ಟದ್ದು ಆಕಸ್ಮಿಕವೆಂದು ತೋರುವುದಿಲ್ಲ.

ಹಿಂದೂಸ್ಥಾನದ ನಂಟು ಅಷ್ಟಕ್ಕೇ ನಿಲ್ಲುವುದಿಲ್ಲ. ರಿಚರ್ಡ್ ಬರ್ಟನ್ ೧೮೭೦ರಲ್ಲಿ ನಮ್ಮ ಬೇತಾಳ ಪಂಚವಿಂಶತಿಯ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ಅದಕ್ಕೆ ‘ವಿಕ್ರಮ ಮತ್ತು ವ್ಯಾಂಪೈರ್’ ಎಂದು ಹೆಸರಿಟ್ಟ. ಅರ್ವಿಂಗನ ಔತಣದಲ್ಲಿ ಬರ್ಟನನನ್ನು ಕಂಡಿದ್ದ ಸ್ಟೋಕರ್, ಅವನು ಮಾತನಾಡುವಾಗ ಮೇಲ್ದುಟಿ ಸರಿದು ಕೋರೆಹಲ್ಲು ಹೊಳೆಯುತ್ತಿದ್ದುದನ್ನು ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಆದರೆ ಬರ್ಟನ್ ಮಾಡಿದ ಅನುವಾದದ ತಪ್ಪನ್ನು ಕನ್ನಡಿಗರು ಯಾರಾದರೂ ಹೇಳಿಯಾರು. ನಮ್ಮ ಬೇತಾಳ ರಕ್ತ ಹೀರುವವನಲ್ಲ. ‘ಚಂದಮಾಮ’ದ ಚಿತ್ರಗಳನ್ನು ನೋಡಿ ಬೆಳೆದವರಿಗೆಲ್ಲ ಗೊತ್ತು: ಅವನು ಹೆಣದೊಳಗೆ ಹೊಕ್ಕು, ರಾಜನ ಹೆಗಲೇರಿ, ಕಥೆ ಹೇಳಿ, ಕೊನೆಗೆ ಒಂದು ಪ್ರಶ್ನೆ ಕೇಳುತ್ತಾನೆ. ಉತ್ತರ ಗೊತ್ತಿದ್ದೂ ಬಾಯಿ ತೆರೆಯದಿದ್ದರೆ ತಲೆ ಸಿಡಿದು ಹೋಳಾಗುತ್ತದೆ. ಹೀಗೆ ಪರೀಕ್ಷೆ ಮಾಡುವ ಭೂತ ಅಧ್ಯಾಪಕರಿಗೆ ಪ್ರಿಯವಾದರೆ ಆಶ್ಚರ್ಯವೇನು!

ವ್ಯಾಂಪೈರ್ ಎಂಬುದಕ್ಕೆ ಕನ್ನಡದಲ್ಲಿ ಸರಿಯಾದ ಒಂದು ಶಬ್ದವಿಲ್ಲ. ರಕ್ತಪಿಶಾಚಿ ಎನ್ನುತ್ತೇವೆ, ಅದು ಹೊಲಿದು ಕೊಟ್ಟ ಅಂಗಿ. ನಮ್ಮ ಹಳೆಯ ಕವಿಗಳಲ್ಲಿ ಇರುವುದು ಮರುಳು ಮತ್ತು ಬೆಂತರ. ರನ್ನನ ‘ಗದಾಯುದ್ಧ’ವನ್ನು ನೆನೆಯಿರಿ. ಹತ್ತನೆಯ ಶತಮಾನದ ಆ ಕವಿ, ಮುಧೋಳದ ಬಳೆಗಾರರ ಮನೆಯ ಮಗ, ಎಲ್ಲವನ್ನೂ ಕಳೆದುಕೊಂಡ ದುರ್ಯೋಧನನನ್ನು ಸಂಜಯನೊಡನೆ ರಣರಂಗದ ನಡುವೆ ನಡೆಸುತ್ತಾನೆ. ನೆತ್ತರ ಕೆಸರು, ಆನೆಗಳ ಹೆಣ, ಅವುಗಳ ನಡುವೆ ಮರುಳುಗಳ ಊಟ. ಅವು ರಾಜನನ್ನು ಕಂಡು ಹೆದರುವುದಿಲ್ಲ, ಹಾಸ್ಯ ಮಾಡುತ್ತವೆ. ಮರುಳು ಎಂದರೆ ಪಿಶಾಚಿಯೂ ಹೌದು, ಹುಚ್ಚೂ ಹೌದು. ಹಾಗಿರುವಾಗ ನಿಜವಾದ ಮರುಳು ಯಾರು, ನಾವೋ ನೀನೋ ಎಂಬುದು ಅವುಗಳ ಪ್ರಶ್ನೆಯ ತಿರುಳು. ಭಯದ ಸನ್ನಿವೇಶದಲ್ಲಿ ಪಿಶಾಚಿಯ ಬಾಯಿಂದಲೇ ವಿವೇಕವನ್ನು ಆಡಿಸಿದ ಈ ಧೈರ್ಯ ಸ್ಟೋಕರನಿಗೆ ಇಲ್ಲ.

ಆದರೆ ಗಾಥಿಕ್ ಎಂಬ ಮಾತಿಗೆ ನಿಜವಾಗಿ ಒಪ್ಪುವ ಕನ್ನಡ ಕಾವ್ಯ ಜನ್ನನ ‘ಯಶೋಧರ ಚರಿತೆ’. ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಕವಿ ೧೨೦೯ರಲ್ಲಿ ಮುಗಿಸಿದ ಈ ಕಿರುಕಾವ್ಯವನ್ನು ನಾನು ಮೊದಲ ಬಾರಿ ಇಡಿಯಾಗಿ ಓದಿದ್ದು ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಜಗಲಿಯಲ್ಲಿ. ೧೪೩೦ರ ಆ ಬಸದಿಯ ತಂಪಿನಲ್ಲಿ, ನುಣುಪಾದ ಕಂಬಗಳ ನಡುವೆ ಕುಳಿತು ಚಂಡಮಾರಿಯ ಗುಡಿಯ ವರ್ಣನೆಯನ್ನು ಓದುವುದೆಂದರೆ ಹಗಲಿನಲ್ಲಿಯೇ ಬೆವರು ಬರುವ ಅನುಭವ. ಮಾರಿದತ್ತ ರಾಜನ ಜಾತ್ರೆ. ಜೋಡಿ ಜೋಡಿಯಾಗಿ ಪ್ರಾಣಿಗಳ ಬಲಿ, ಮನುಷ್ಯರ ಜೋಡಿಯೂ ಬೇಕು. ತಳವಾರ ಎಳೆದು ತಂದ ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣತಂಗಿಯರು ಕತ್ತಿಯ ಎದುರು ನಿಂತು ಅಳುಕುವುದಿಲ್ಲ. ಆ ಶಾಂತಿಯನ್ನು ಕಂಡು ರಾಜ ಬೆರಗಾಗಿ ಕೇಳುತ್ತಾನೆ. ಹುಡುಗ ತನ್ನ ಹಿಂದಿನ ಜನ್ಮಗಳ ಕಥೆ ಹೇಳುತ್ತಾನೆ.

ಆ ಕಥೆಯ ಒಂದು ಗಳಿಗೆಯನ್ನು ಮಾತ್ರ ಹೇಳುತ್ತೇನೆ. ಹೆಂಡತಿ ಅಮೃತಮತಿ ಇರುಳಿನಲ್ಲಿ ಎದ್ದು ಕುರೂಪಿಯಾದ ಮಾವುತನ ಬಳಿಗೆ ಹೋದುದನ್ನು ಯಶೋಧರ ಕಣ್ಣಾರೆ ಕಂಡಿದ್ದಾನೆ. ಅದನ್ನು ಕೆಟ್ಟ ಕನಸೆಂದು ಮರೆಮಾಚಿ ಹೇಳಿದಾಗ ತಾಯಿ ಶಾಂತಿಗಾಗಿ ಬಲಿ ಕೊಡು ಎನ್ನುತ್ತಾಳೆ. ಜೀವವನ್ನು ಕೊಲ್ಲಲಾರದ ಮಗ ಒಂದು ಹಿಟ್ಟಿನ ಕೋಳಿಯನ್ನು ಮಾಡಿಸಿ ಕಡಿಯುತ್ತಾನೆ. ಕತ್ತಿ ಬೀಳುವಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ! ಅದರೊಳಗೆ ಒಂದು ಬೆಂತರ ಹೊಕ್ಕಿತ್ತು. ಡ್ರಾಕುಲನ ಕೋಟೆಯ ನೂರು ಬಾಗಿಲುಗಳ ಕಿರುಗುಟ್ಟುವಿಕೆಯನ್ನು ಈ ಒಂದು ಕೂಗಿನ ಎದುರು ಇಟ್ಟು ನೋಡಿ. ಆ ಮೇಲೆ ಹೆಂಡತಿಯ ಕೈಯ ವಿಷ, ತಾಯಿ ಮಗನ ಸಾವು, ನವಿಲು ನಾಯಿಗಳಾಗಿ, ಮತ್ತೆ ಮತ್ತೆ ಬೇರೆ ಪ್ರಾಣಿಗಳಾಗಿ ಜನ್ಮಜನ್ಮಾಂತರದ ಅಲೆದಾಟ. ಯುರೋಪಿನ ಭಯಕಥೆಯಲ್ಲಿ ಹಳೆಯ ಪಾಪ ಸಾಯದೆ ಕೋಟೆಯಲ್ಲಿ ಕುಳಿತಿರುತ್ತದೆ. ಜನ್ನನಲ್ಲಿ ಅದು ಸತ್ತು ಸತ್ತು ಹುಟ್ಟಿ ಬರುತ್ತದೆ. ಡ್ರಾಕುಲನನ್ನು ಒಬ್ಬರು ಕೊಲ್ಲಬಹುದು. ಕೂಗಿದ ಹಿಟ್ಟಿನ ಕೋಳಿಯನ್ನು ಕೊಲ್ಲುವವರು ಯಾರು?

ಹೊಸ್ತಿಲಿನ ವಿಚಾರಕ್ಕೆ ಬರುತ್ತೇನೆ. ಮನೆಯವರಲ್ಲಿ ಯಾರಾದರೂ ಬಾ ಎಂದು ಕರೆಯದೆ ವ್ಯಾಂಪೈರ್ ಒಳಗೆ ಬರಲಾರದು ಎಂಬುದು ಸ್ಟೋಕರನ ಕಾದಂಬರಿಯ ಒಂದು ನಿಯಮ. ಒಮ್ಮೆ ಕರೆದರೆ ಸಾಕು, ಆಮೇಲೆ ಬೇಕಾದಾಗ ಬರಬಹುದು. ಆದ್ದರಿಂದ ಅಲ್ಲಿನ ಜನ ಕಿಟಕಿಗೆ ಬೆಳ್ಳುಳ್ಳಿ ಕಟ್ಟುತ್ತಾರೆ. ನಮ್ಮಲ್ಲಿ? ಆಟಿ ತಿಂಗಳ ಒಂದು ಸಂಜೆ ನನ್ನ ಅಜ್ಜಿ ಸತ್ತವರನ್ನು ಹೆಸರು ಹಿಡಿದು ಊಟಕ್ಕೆ ಕರೆಯುತ್ತಿದ್ದಳು. ತುಳುವಿನಲ್ಲಿ ಅವರಿಗೆ ಕುಲೆಗಳು ಎಂದು ಹೆಸರು. ಒಳಕೋಣೆಯಲ್ಲಿ ಸಾಲಾಗಿ ಕುಡಿ ಬಾಳೆಯೆಲೆಗಳನ್ನು ಹಾಕಿ, ಅವರವರಿಗೆ ಬದುಕಿದ್ದಾಗ ರುಚಿಯಾಗಿದ್ದುದನ್ನು ಬಡಿಸಿ, ದೀಪವಿಟ್ಟು, ನಾವೆಲ್ಲ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುವುದು. ಅಂಗಳದಲ್ಲಿ ಮಳೆ ಹೊಯ್ಯುತ್ತಿರುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಅಜ್ಜಿ ಬಾಗಿಲು ತೆರೆದು ಎಲೆಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಒಂದು ವರ್ಷ ಅವಳು ನಮ್ಮ ದೊಡ್ಡಜ್ಜನ ಎಲೆಯ ಎದುರು ನಿಂತು, ಮೀನಿನ ಸಾರಿಗೆ ಹುಳಿ ಸಾಲಲಿಲ್ಲವೋ ಏನೋ, ಮುಟ್ಟಿದ ಹಾಗೆ ಕಾಣುವುದಿಲ್ಲ ಎಂದಳು. ಭಯವೆಂಬುದು ಆ ಮನೆಯಲ್ಲಿ ಅಡುಗೆಯ ಚಿಂತೆಯಾಗಿ ಬದಲಾಗಿತ್ತು.

ಇನ್ನು ೧೮೯೭ರ ಮಂಗಳೂರು. ಡ್ರಾಕುಲ ಲಂಡನ್ನಿನಲ್ಲಿ ಅಚ್ಚಾದ ವರ್ಷವೇ ‘ಇಂಡಿಯನ್ ಆಂಟಿಕ್ವೆರಿ’ ಎಂಬ ವಿದ್ವತ್ಪತ್ರಿಕೆಯಲ್ಲಿ ಒಂದು ದೀರ್ಘ ಲೇಖನಮಾಲೆ ಮುಗಿಯಿತು. ಅದು ೧೮೯೪ರಲ್ಲಿ ತೊಡಗಿತ್ತು. ಅದರ ಹೆಸರು ‘ತುಳುವರ ಪಿಶಾಚಾರಾಧನೆ’ ಎಂಬರ್ಥದ್ದು. ಮದರಾಸು ಸರಕಾರದ ನ್ಯಾಯಾಧಿಕಾರಿಯೂ ಸಂಸ್ಕೃತ ವಿದ್ವಾಂಸನೂ ಆಗಿದ್ದ ಎ. ಸಿ. ಬರ್ನೆಲ್ ಕೂಡಿಟ್ಟಿದ್ದ ಕಾಗದಗಳನ್ನು, ಅವನು ೧೮೮೨ರಲ್ಲಿ ತೀರಿಕೊಂಡ ಮೇಲೆ, ಆರ್. ಸಿ. ಟೆಂಪಲ್ ಸಂಪಾದಿಸಿ ಪ್ರಕಟಿಸಿದ. ಬಾಸೆಲ್ ಮಿಷನ್ನಿನ ಪಾದ್ರಿ ಮ್ಯಾನರ್ ಸಂಗ್ರಹಿಸಿದ ಪಾಡ್ದನಗಳೂ ಅದರಲ್ಲಿ ಸೇರಿದ್ದವು. ಅದೇ ಮ್ಯಾನರ್ ೧೮೮೬ರಲ್ಲಿ ತುಳು ಪಾಡ್ದನಗಳನ್ನು ಮಂಗಳೂರಿನ ಮಿಷನ್ ಮುದ್ರಣಾಲಯದಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದ್ದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಟ್ರಾನ್ಸಿಲ್ವೇನಿಯಾದಲ್ಲಿ ಒಬ್ಬ ಸೇನಾಧಿಕಾರಿಯ ಹೆಂಡತಿ. ತುಳುನಾಡಿನಲ್ಲಿ ಒಬ್ಬ ನ್ಯಾಯಾಧಿಕಾರಿ, ಒಬ್ಬ ಪಾದ್ರಿ. ಒಂದೇ ಕಾಲದಲ್ಲಿ, ಒಂದೇ ಕುತೂಹಲದಿಂದ, ಹಳ್ಳಿಯವರ ನಂಬಿಕೆಗಳನ್ನು ಕಾಗದಕ್ಕೆ ಇಳಿಸುತ್ತಿದ್ದರು. ಅಲ್ಲಿನ ಕಾಗದದಿಂದ ಒಂದು ಕಾದಂಬರಿ ಹುಟ್ಟಿತು. ಇಲ್ಲಿನ ಕಾಗದದಿಂದ ಏನಾಯಿತು? ಎರಡು ಆಯಿತು. ನಮ್ಮ ದೈವಗಳಿಗೆ ‘ಡೆವಿಲ್’ ಎಂಬ ಹೆಸರು ಅಂಟಿತು. ಇಂಗ್ಲಿಷ್ ಕಲಿತ ನಮ್ಮವರು ಕೆಲವು ತಲೆಮಾರು ಆ ಹೆಸರಿಗೆ ನಾಚಿಕೊಂಡರು. ನಾನು ಎಳೆದ ಎರಡನೆಯ ಕೆಂಪು ಗೆರೆಯಲ್ಲಿ ಆ ನಾಚಿಕೆಯ ಪಾಲು ಇತ್ತೆಂದು ಈಗ ಅನಿಸುತ್ತದೆ. ಆದರೆ ಮೀನಾಳ ಕಡತ ಡ್ರಾಕುಲನನ್ನು ಮುಗಿಸಿದಂತೆ ಮ್ಯಾನರನ ಕಡತ ದೈವಗಳನ್ನು ಮುಗಿಸಲಿಲ್ಲ; ಪಾಡ್ದನಗಳನ್ನು ಉಳಿಸಿತು. ಇಂದು ತುಳು ಜಾನಪದದ ಯಾವ ವಿದ್ಯಾರ್ಥಿಯೂ ಆ ಪುಸ್ತಕವನ್ನು ದಾಟಿ ಹೋಗಲಾರ.

ಎರಡು ವರ್ಷಗಳ ತರುವಾಯ, ೧೮೯೯ರಲ್ಲಿ, ಅದೇ ಮಿಷನ್ ಮುದ್ರಣಾಲಯದಿಂದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಹೊರಬಂದಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ನಾವು ಪಾಠ ಹೇಳುವ ಗ್ರಂಥ. ಅದರಲ್ಲಿ ಕೋಟೆಯೂ ಇಲ್ಲ, ಪಿಶಾಚಿಯೂ ಇಲ್ಲ. ತಲೆ ಬೋಳಿಸಲ್ಪಡಲಿದ್ದ ಒಬ್ಬ ಬಾಲವಿಧವೆ ಇದ್ದಾಳೆ. ಗುಲ್ವಾಡಿಯವರಿಗೆ ಕತ್ತಲ ಮನೆ ಬೇಕಿರಲಿಲ್ಲ, ಅವರು ಕಂಡ ಮನೆಗಳೇ ಸಾಕಾಗಿದ್ದವು.

ಈಗ ಆ ಹುಡುಗಿಯ ಗುಳಿಗನ ವಿಚಾರ. ಪಾಡ್ದನದಲ್ಲಿ ಗುಳಿಗ ಹುಟ್ಟುವುದೇ ಹಸಿವೆಯಾಗಿ. ಆನೆ ಕುದುರೆಗಳ ನೆತ್ತರು ಕುಡಿದರೂ ಅವನಿಗೆ ತಣಿವಿಲ್ಲ. ಕೊನೆಗೆ ನಾರಾಯಣ ತನ್ನ ಕಿರುಬೆರಳನ್ನೇ ಅವನ ಬಾಯಿಗೆ ಕೊಡಬೇಕಾಗುತ್ತದೆ. ಆಮೇಲೆ ಅವನನ್ನು ಭೂಮಿಗೆ ಕಳುಹಿಸುತ್ತಾರೆ. ಜನ ಅವನಿಗೆ ಮರದ ಬುಡದಲ್ಲಿ ಒಂದು ಕಲ್ಲು ಹಾಕುತ್ತಾರೆ, ಮಾಡು ಇಲ್ಲದ ಕಟ್ಟೆ. ಕಾಲಕಾಲಕ್ಕೆ ಅವನ ಪಾಲು ಅವನಿಗೆ. ಆ ಪಾಲಿಗೆ ಪ್ರತಿಯಾಗಿ ಅವನು ಗಡಿ ಕಾಯಬೇಕು. ಯಕ್ಷಗಾನದ ‘ದೇವಿ ಮಹಾತ್ಮೆ’ಯಲ್ಲಿಯೂ ಇದೇ ತಿರುವು: ರಕ್ತಬೀಜನ ಹನಿ ಹನಿಗೂ ಹೊಸ ರಕ್ಕಸ ಹುಟ್ಟುವಾಗ ನೆತ್ತರನ್ನು ನೆಲಕ್ಕೆ ಬೀಳಲು ಬಿಡದೆ ಕುಡಿಯುವವಳು ಸಾಕ್ಷಾತ್ ಕಾಳಿ. ಬೆಳಗಿನ ಜಾವ ಕಣ್ಣುಜ್ಜಿಕೊಂಡು ಅದನ್ನು ನೋಡುವ ಹೆಂಗಸರು ಅವಳನ್ನು ಅಮ್ಮ ಎನ್ನುತ್ತಾರೆ. ನೆತ್ತರು ಕುಡಿಯುವುದರಲ್ಲಿ ಪಾಪವಿಲ್ಲ, ಕರಾರಿಲ್ಲದೆ ಕುಡಿಯುವುದರಲ್ಲಿದೆ ಎಂಬಂಥ ಲೋಕ ಇದು. ಹೀಗೆ ನೋಡಿದರೆ ಡ್ರಾಕುಲ ಕರಾರಿಲ್ಲದ ಗುಳಿಗ. ಹುಡುಗಿಯ ವಾಕ್ಯದ ಒಳಗುಟ್ಟು ಇದು. ನನಗೆ ಅದು ಹೊಳೆಯಲು ಮೂವತ್ತು ವರ್ಷ ಬೇಕಾಯಿತು.

ಹಾಗೆಂದು ಅವಳ ವಾಕ್ಯವನ್ನು ಪೂರ್ತಿ ಒಪ್ಪಲಾರೆ. ಕಟ್ಟೆ ಕಟ್ಟಿದಲ್ಲಿಗೆ ಎಲ್ಲವೂ ಇತ್ಯರ್ಥವಾಗುವುದಿಲ್ಲ. ಕೋಲದ ರಾತ್ರಿ ಯಾರ ಮೈಮೇಲೆ ದೈವ ಬರುತ್ತದೆಯೋ ಆ ನಲಿಕೆಯವರು, ಪಂಬದರು, ಪರವರು ಬೆಳಗಾದ ಮೇಲೆ ಅದೇ ಗುತ್ತಿನ ಮನೆಯ ಜಗಲಿ ಹತ್ತುವಂತಿರಲಿಲ್ಲ. ರಾತ್ರಿಯಿಡೀ ಕೈಮುಗಿದು ನಿಂತ ಯಜಮಾನ ಹಗಲಿನಲ್ಲಿ ಅವರನ್ನು ಅಂಗಳದ ಅಂಚಿನಲ್ಲಿ ನಿಲ್ಲಿಸುತ್ತಿದ್ದ. ನಾನು ಹುಡುಗನಾಗಿ ಇದನ್ನು ಕಂಡಿದ್ದೇನೆ. ಆಗ ಅದರಲ್ಲಿ ಏನೂ ಭಯಂಕರವೆನಿಸಿರಲಿಲ್ಲ. ನಮ್ಮ ನೆಲದಲ್ಲಿ ಗಾಥಿಕ್ ಕಾದಂಬರಿಯೊಂದನ್ನು ಯಾರಾದರೂ ಬರೆಯುವುದಾದರೆ ಆ ಹಗಲಿನಿಂದ ತೊಡಗಬೇಕು ಎಂದು ನನಗೆ ತೋರುತ್ತದೆ.

ಮೊದಲನೆಯ ಕೆಂಪು ಗೆರೆಯ ಲೆಕ್ಕ ಇನ್ನೂ ಬಾಕಿಯಿದೆ. ಕಾದಂಬರಿಯಲ್ಲಿ ಜೊನಾಥನ್ ಹಾರ್ಕರ್ ಪಿಕಾಡಿಲಿಯಲ್ಲಿ ಹೆಂಡತಿಯೊಡನೆ ನಡೆಯುವಾಗ, ಹಗಲಿನಲ್ಲಿಯೇ, ಪ್ರಭುವನ್ನು ಕಂಡು ಬಿಳಚಿಕೊಳ್ಳುತ್ತಾನೆ. ಹಗಲಿನಲ್ಲಿ ಅವನ ಮಾಯಾಶಕ್ತಿ ಕುಗ್ಗುತ್ತದೆ ಅಷ್ಟೆ. ಬಿಸಿಲಿಗೆ ಸಾಯುವ ವ್ಯಾಂಪೈರ್ ೧೯೨೨ರ ಜರ್ಮನ್ ಮೂಕಿಚಿತ್ರ ‘ನೊಸ್ಫೆರಾಟು’ವಿನ ಸೃಷ್ಟಿ. ಅವನನ್ನು ನಾನು ಕಂಡದ್ದು ಮಂಗಳೂರಿನ ಟಾಕೀಸಿನ ಗಾಂಧಿ ಕ್ಲಾಸಿನಲ್ಲಿ, ಕ್ರಿಸ್ಟೋಫರ್ ಲೀಯ ವೇಷದಲ್ಲಿ. ಹುಡುಗಿ ಪುಸ್ತಕ ಓದಿದ್ದಳು. ಅಧ್ಯಾಪಕ ಸಿನಿಮಾ ನೋಡಿದ್ದ.

ಕಳೆದ ವರ್ಷ ಮೂಡುಬಿದಿರೆಯ ಒಂದು ಮದುವೆಯಲ್ಲಿ ಆಕೆ ಸಿಕ್ಕಿದರು. ಈಗ ಅವರೂ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವರು, ತಲೆಯಲ್ಲಿ ಒಂದೆರಡು ನರೆ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತು, ಮೊದಲನೆಯ ಗೆರೆ ನನ್ನ ತಪ್ಪು, ಎರಡನೆಯದರ ಬಗ್ಗೆ ನನ್ನಲ್ಲಿ ಇನ್ನೂ ವಾದವುಂಟು ಎಂದು ಹೇಳಿದೆ. ಅವರು ನಗುತ್ತ, “ಹಾಗಾದರೆ ಪತ್ತನಾಜೆಯ ಒಳಗೆ ಒಮ್ಮೆ ನಮ್ಮ ಮನೆಗೆ ಬನ್ನಿ ಸರ್. ಕೋಲ ಉಂಟು. ಗುಳಿಗನ ಕಟ್ಟೆಯ ಹತ್ತಿರವೇ ಕುಳಿತು ವಾದ ಮಾಡುವ” ಎಂದರು. ಮನೆಯವರೇ ಬಾ ಎಂದು ಕರೆದಿದ್ದಾರೆ. ಹೊಸ್ತಿಲು ದಾಟಲು ಇನ್ನು ಅಡ್ಡಿಯಿಲ್ಲ.